ಗೋಡೆಯಾಚೆಗಿನ ಮಗು ಕಾರಿಗೆ ಕಂಡೀತೇ?

ಸ್ಟಾಪಿನಲ್ಲಿ ಬಸ್ಸು ನಿಂತಿದೆ. ಇಳಿದ ಮಗು ಬಸ್ಸಿನ ಎದುರಿನಿಂದಲೇ ರಸ್ತೆ ದಾಟಲು ಓಡುತ್ತದೆ. ಬಸ್ಸನ್ನು ಹಿಂದಿಕ್ಕಿ ಬರುವ ಕಾರಿನವನಿಗೆ ಮಗು ಕಾಣುವುದಿಲ್ಲ, ಮಗುವಿಗೆ ಕಾರು ಕಾಣುವುದಿಲ್ಲ. ಮುಂದಿನದನ್ನು ನಾವು ಹೇಳಬೇಕಾಗಿಲ್ಲ. ಇಂತಹ ಸುದ್ದಿ ನಾವೆಲ್ಲ ಓದಿದ್ದೇವೆ, ಕೆಲವು ಮನೆಯವರು ಅನುಭವಿಸಿಯೂ ಇದ್ದಾರೆ.

ಇದರಲ್ಲಿ ಡ್ರೈವರನ ಕಣ್ಣು ಸರಿ ಇಲ್ಲ ಎಂದೇನಲ್ಲ. ಬೆಳಕು ನೇರ ಗೆರೆಯಲ್ಲಿ ಹೋಗುತ್ತದೆ. ನಡುವೆ ಏನಾದರೂ ಅಡ್ಡ ಇದ್ದರೆ ಎಷ್ಟು ಒಳ್ಳೆಯ ಕಣ್ಣಾದರೂ ಅದರ ಆಚೆ ನೋಡಲಾರದು. ಡ್ರೈವರ್ ಇಲ್ಲದೆ ತಾನಾಗಿ ಓಡುವ ಕಾರಿಗೂ ಇದೇ ತೊಂದರೆ ಉಂಟು. ಈ ಕಾರುಗಳು ನಮಗೆ ಬಹಳ ದೂರದ ವಿಷಯವೂ ಅಲ್ಲ. ಅಬುಧಾಬಿಯ ಯಾಸ್ ದ್ವೀಪದಲ್ಲಿ 2021ರಲ್ಲೇ ಅಂತಹ ಟ್ಯಾಕ್ಸಿಗಳು ಓಡಲು ಶುರುವಾದವು. 2030ರೊಳಗೆ ನಗರದ ಪ್ರಯಾಣಗಳಲ್ಲಿ ಶೇ. 25ರಷ್ಟು ಡ್ರೈವರ್ ಇಲ್ಲದ ವಾಹನಗಳಲ್ಲೇ ಆಗಬೇಕೆಂಬುದು ದುಬೈಯ ಗುರಿ. ಗಲ್ಫಿನಲ್ಲಿರುವ ನಮ್ಮವರಲ್ಲಿ ಕೆಲವರು ಇದನ್ನು ಕಣ್ಣಾರೆ ನೋಡಿರಲೂಬಹುದು.

ಹಾಗಾದರೆ ಅಡ್ಡ ಇರುವುದರ ಹಿಂದೆ ಏನುಂಟು ಎಂದು ತಿಳಿಯುವ ದಾರಿಯೇ ಇಲ್ಲವೇ? ಒಂದು ದಾರಿ ಉಂಟು ಎಂದು 2020ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಫೆಲಿಕ್ಸ್ ಹೈಡೆ ಮತ್ತು ಜರ್ಮನಿಯ ಮರ್ಸಿಡಿಸ್ ಬೆಂಝ್ ಕಂಪೆನಿಯ ಸಂಶೋಧಕರು ಸೇರಿ ತೋರಿಸಿದರು. ಅವರು ಬಳಸಿದ್ದು ರಾಡಾರ್.

ರಾಡಾರ್ ಹೊಸ ವಸ್ತುವಲ್ಲ. ಮಂಜು ಕವಿದಾಗ ಹಡಗುಗಳು ಡಿಕ್ಕಿಯಾಗದಿರಲಿ ಎಂದು ಜರ್ಮನಿಯ ಕ್ರಿಸ್ಟಿಯಾನ್ ಹ್ಯೂಲ್ಸ್‌ಮೆಯರ್ ಎಂಬವರು ರೇಡಿಯೊ ಅಲೆಯಿಂದ ಹಡಗನ್ನು ಪತ್ತೆ ಹಚ್ಚುವ ಯಂತ್ರವೊಂದನ್ನು 1904ರಲ್ಲೇ ತಯಾರಿಸಿದ್ದರು. 1990ರ ದಶಕದ ಕೊನೆಗೆ ರಾಡಾರ್ ಮರ್ಸಿಡಿಸ್‌ನ ದುಬಾರಿ ಕಾರಿಗೆ ಬಂತು. ಈಗ ನಮ್ಮೂರಲ್ಲಿ ಮಾರಾಟವಾಗುವ ಕೆಲವು ಹೊಸ ಕಾರುಗಳ ಬಂಪರಿನಲ್ಲೂ ಉಂಟು. ಎದುರಿನ ಗಾಡಿ ತೀರಾ ಹತ್ತಿರವಾದರೆ ಕಾರು ಬೀಪ್ ಅನ್ನುವುದು ಅದರಿಂದಲೇ. ಅದು ಅಲೆಯೊಂದನ್ನು ಕಳುಹಿಸುತ್ತದೆ, ಅಲೆ ವಸ್ತುವಿಗೆ ತಾಗಿ ಹಿಂದೆ ಬರುತ್ತದೆ. ಬರಲು ಎಷ್ಟು ಹೊತ್ತು ಹಿಡಿಯಿತು ಎಂಬುದರಿಂದ ದೂರ ಗೊತ್ತಾಗುತ್ತದೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಈ ಸಂಶೋಧಕರ ರಾಡಾರ್ ಗೋಡೆಯನ್ನು ತೂರಿ ಹೋಗುವುದಿಲ್ಲ, ಗೋಡೆಯನ್ನು ಬಳಸಿಕೊಳ್ಳುತ್ತದೆ. ಕೇರಂ ಆಡಿದವರಿಗೆ ಇದು ಸುಲಭದಲ್ಲಿ ಅರ್ಥವಾದೀತು. ಕಾಯಿನಿಗೆ ನೇರ ಹೊಡೆಯಲು ಅಡ್ಡ ಇದ್ದರೆ ನಾವು ಸ್ಟ್ರೈಕರನ್ನು ಬೋರ್ಡಿನ ಅಂಚಿಗೆ ಹೊಡೆದು ರೀಬೌಂಡ್ ಮಾಡಿ ಕಾಯಿನಿಗೆ ತಾಗಿಸುತ್ತೇವಲ್ಲ, ಹಾಗೆಯೇ. ರಾಡಾರಿನ ಅಲೆ ರಸ್ತೆಯ ಆಚೆ ಬದಿಯ ಕಟ್ಟಡಕ್ಕೋ ನಿಲ್ಲಿಸಿದ ಕಾರಿಗೋ ತಾಗಿ, ಅಲ್ಲಿಂದ ತಿರುಗಿ ಮೂಲೆಯ ಹಿಂದಿರುವ ಸೈಕಲ್ ಸವಾರನಿಗೆ ತಾಗುತ್ತದೆ. ಮತ್ತೆ ಅದೇ ದಾರಿಯಲ್ಲಿ ಹಿಂದಿರುಗುತ್ತದೆ.

ಹಾಗಾದರೆ ಗೋಡೆಯಲ್ಲಿ ನಮ್ಮ ಕಣ್ಣಿಗೆ ಯಾಕೆ ಏನೂ ಕಾಣುವುದಿಲ್ಲ? ಬೆಳಕಿನ ಅಲೆಯ ಉದ್ದ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಅಷ್ಟು ಸಣ್ಣ ಅಲೆಗೆ ಗಾರೆಯ ಗೋಡೆ ಎಂದರೆ ಬರೀ ಗುಡ್ಡ ಹೊಂಡ. ತಾಗಿದ ಬೆಳಕು ದಿಕ್ಕುದಿಕ್ಕಿಗೆ ಚೆದುರಿ ಹೋಗುತ್ತದೆ. ಕಾರಿನ ರಾಡಾರಿನ ಅಲೆ ಸುಮಾರು 4 ಮಿಲಿಮೀಟರ್. ಅದಕ್ಕೆ ಅದೇ ಗೋಡೆ ಹೆಚ್ಚುಕಡಿಮೆ ನಯವಾದ ಕನ್ನಡಿ. ಇಕ್ಕಟ್ಟಾದ ತಿರುವುಗಳಲ್ಲಿ ಉಬ್ಬುಗನ್ನಡಿ ನಿಲ್ಲಿಸಿರುವುದನ್ನು ನೀವು ನೋಡಿರಬಹುದು. ರಾಡಾರಿಗೆ ಆ ಕನ್ನಡಿ ಬೇರೆ ಬೇಡ, ಗೋಡೆಯೇ ಸಾಕು.

ಹೀಗೆ ಸುತ್ತಿ ಬಳಸಿ ಬಂದ ಅಲೆ ತುಂಬ ಕ್ಷೀಣವಾಗಿರುತ್ತದೆ. ಮೊದಲು ಇಂತಹ ಸಂಕೇತಗಳನ್ನು ಗದ್ದಲ ಎಂದು ಬದಿಗೆ ಸರಿಸುವುದೇ ವಾಡಿಕೆಯಾಗಿತ್ತು. ಆ ಗದ್ದಲದ ಒಳಗೇ ಸುದ್ದಿ ಉಂಟು ಎಂದು ಇವರು ಹುಡುಕಿದರು. ಅದಕ್ಕೆ ನೆರವಾದದ್ದು ಆಸ್ಟ್ರಿಯಾದ ಕ್ರಿಸ್ಟಿಯಾನ್ ಡಾಪ್ಲರ್ 1842ರಲ್ಲಿ ವಿವರಿಸಿದ ಒಂದು ಸಂಗತಿ. ಆಂಬುಲೆನ್ಸ್ ನಮ್ಮತ್ತ ಬರುವಾಗ ಸೈರನ್ ಕೀರಲಾಗಿಯೂ ದಾಟಿ ಹೋದ ಮೇಲೆ ತಗ್ಗಿಯೂ ಕೇಳುತ್ತದೆ ಅಲ್ವಾ? ಚಲಿಸುವ ವಸ್ತುವಿಗೆ ತಾಗಿದ ರಾಡಾರಿನ ಅಲೆಯೂ ಹಾಗೆಯೇ ಬದಲಾಗುತ್ತದೆ. ನಿಂತ ಗೋಡೆಯಿಂದ ನಡೆಯುವ ಮನುಷ್ಯನನ್ನು ಬೇರೆ ಮಾಡಲು ಇದು ಸಾಕು. ಇನ್ನು, ಕನ್ನಡಿಯಲ್ಲಿ ನೋಡಿದ ಮನುಷ್ಯ ಕನ್ನಡಿಯ ಒಳಗೆ ಇದ್ದಂತೆ ಕಾಣುತ್ತಾನೆ. ರಾಡಾರಿಗೂ ಸೈಕಲ್ ಸವಾರ ಗೋಡೆಯೊಳಗೆ ಇದ್ದಂತೆ ಕಾಣುತ್ತಾನೆ. ಅವನ ನಿಜವಾದ ಜಾಗ ಯಾವುದು, ಯಾವ ಕಡೆ ಹೋಗುತ್ತಿದ್ದಾನೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ.

ಇದರಿಂದ ಎಂತ ಲಾಭ? ಗಂಟೆಗೆ 40 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಒಂದೇ ಸೆಕೆಂಡ್ ಮೊದಲು ಗೊತ್ತಾದರೆ ಬ್ರೇಕಿಗೆ 11 ಮೀಟರ್ ಸಿಕ್ಕಿತು. ಒಂದು ಮಗುವಿನ ಜೀವಕ್ಕೆ ಅಷ್ಟು ದೂರ ಸಾಕಾಗಬಹುದು.

ಆದರೆ ಮಿತಿಗಳೂ ಉಂಟು. ಅಲೆಯನ್ನು ತಿರುಗಿಸಲು ತಕ್ಕ ಜಾಗದಲ್ಲಿ ಗೋಡೆಯೋ ಗಾಡಿಯೋ ಇರಬೇಕು. ಎರಡೂ ಬದಿ ಬರೀ ಪೊದೆ, ಮರ ಇದ್ದರೆ ಅಲೆ ಚೆದುರಿ ಹೋಗುತ್ತದೆ. ಚಲನೆಯೇ ಇದರ ಆಧಾರ, ಹಾಗಾಗಿ ಗಾಡಿಯ ಹಿಂದೆ ಅಲುಗಾಡದೆ ನಿಂತ ಮಗುವನ್ನು ಗುರುತಿಸುವುದು ಕಷ್ಟ.

ಇದಕ್ಕಿಂತ ದೊಡ್ಡ ಪಾಠ 2018ರ ಮಾರ್ಚಿನಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಟೆಂಪಿಯಲ್ಲಿ ಸಿಕ್ಕಿತು. ರಾತ್ರಿ ಹೊತ್ತು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರು ಊಬರ್ ಕಂಪೆನಿ ಪರೀಕ್ಷಿಸುತ್ತಿದ್ದ ಸ್ವಯಂಚಾಲಿತ ಕಾರು ಬಡಿದು ತೀರಿಕೊಂಡರು. ಅಲ್ಲಿ ಅಡ್ಡ ಏನೂ ಇರಲಿಲ್ಲ. ಡಿಕ್ಕಿಗೆ 5.6 ಸೆಕೆಂಡ್ ಮೊದಲೇ ಕಾರಿನ ರಾಡಾರ್ ಅವರನ್ನು ಪತ್ತೆ ಹಚ್ಚಿತ್ತು ಎಂದು ಸರಕಾರಿ ತನಿಖೆ ಹೇಳಿತು. ಆದರೆ ಕಂಪ್ಯೂಟರ್ ಒಮ್ಮೆ ವಾಹನ, ಒಮ್ಮೆ ಬೇರೇನೋ, ಒಮ್ಮೆ ಸೈಕಲ್ ಎಂದು ತೀರ್ಮಾನ ಬದಲಿಸುತ್ತಲೇ ಹೋಯಿತು. ದಾಟಲು ಗುರುತು ಹಾಕದ ಜಾಗದಲ್ಲೂ ಜನ ರಸ್ತೆ ದಾಟಿಯಾರು ಎಂಬುದನ್ನು ಅದಕ್ಕೆ ಕಲಿಸಿಯೇ ಇರಲಿಲ್ಲ. ಸೀಟಿನಲ್ಲಿದ್ದ ಮೇಲ್ವಿಚಾರಕಿಯ ಕಣ್ಣು ಮೊಬೈಲಿನಲ್ಲಿತ್ತು. ಕಂಡರೆ ಸಾಲದು, ಕಂಡದ್ದು ಮನುಷ್ಯ ಎಂದು ತಿಳಿದು ನಿಲ್ಲಬೇಕು. ನಮ್ಮ ರಸ್ತೆಗಳಲ್ಲಿ ಜನ ಎಲ್ಲೆಲ್ಲಿ ದಾಟುತ್ತಾರೆ ಎಂದು ನೆನೆಸಿಕೊಂಡರೆ ಈ ಮಾತಿನ ತೂಕ ಗೊತ್ತಾದೀತು.

ಒಳ್ಳೆಯ ಡ್ರೈವರ್ ಕಾಣದ್ದನ್ನು ಬೇರೆ ರೀತಿಯಲ್ಲಿ ನೋಡುತ್ತಾನೆ. ರಸ್ತೆಗೆ ಚೆಂಡು ಉರುಳಿ ಬಂದರೆ ಹಿಂದೆಯೇ ಮಗು ಬರುತ್ತದೆ ಎಂದು ಬ್ರೇಕ್ ಒತ್ತುತ್ತಾನೆ. ನಿಂತ ಲಾರಿಯ ಅಡಿಯಲ್ಲಿ ಆಚೆ ಬದಿಯವರ ಕಾಲು ಕಂಡರೆ ನಿಧಾನ ಮಾಡುತ್ತಾನೆ. ಯಂತ್ರಕ್ಕೆ ಈಗ ಕಲಿಸುತ್ತಿರುವುದು ಇದೇ ಎಚ್ಚರವನ್ನು.

ಗೋಡೆಯಾಚೆ ನೋಡುವ ಕಾರು ನಮ್ಮ ಓಣಿಗೆ ಯಾವಾಗ ಬಂದರೂ ಬರಲಿ. ಅಲ್ಲಿಯವರೆಗೆ ಸ್ಟೇರಿಂಗ್ ಹಿಡಿಯುವ ನಾವು ನಿಂತ ಬಸ್ಸಿನ ಪಕ್ಕ ಹಾದು ಹೋಗುವಾಗ ಅದರ ಎದುರಿನಿಂದ ಒಂದು ಮಗು ಬರುತ್ತದೆ ಎಂದೇ ತಿಳಿದು ಕಾಲು ಬ್ರೇಕಿನ ಮೇಲೆ ಇಟ್ಟುಕೊಳ್ಳೋಣ. ಮಕ್ಕಳಿಗೆ ಉಮ್ಮ, ಬಾಪ ಇಬ್ಬರೂ ದಿನಾ ಒಂದು ಮಾತು ಹೇಳಿ ಕಳುಹಿಸಲಿ: ಬಸ್ಸಿನಿಂದ ಇಳಿದರೆ ಅಲ್ಲೇ ನಿಲ್ಲು, ಬಸ್ಸು ಪೂರ್ತಿ ಹೋಗಲಿ, ಎರಡೂ ಕಡೆ ನೋಡು, ಆಮೇಲೆ ದಾಟು.