ಮನೆಯ ವಿದ್ಯುತ್ ಕೆಲಸಕ್ಕೆ ಯೋಗ್ಯ ಕೆಲಸಗಾರನನ್ನು ಗೊತ್ತು ಮಾಡುವ ಬಗೆ

ಸಂತೆಯಲ್ಲಿ ಎತ್ತನ್ನು ಕೊಳ್ಳುವಾಗ ನಮ್ಮ ಒಕ್ಕಲಿಗನು ಅದರ ಹಲ್ಲನ್ನು ಎಣಿಸುವನು, ಸುಳಿಯನ್ನು ನೋಡುವನು, ನಾಲ್ಕು ಹೆಜ್ಜೆ ನಡೆಯಿಸಿ ಗೊರಸನ್ನು ಪರೀಕ್ಷಿಸುವನು. ತಿಳಿದವರನ್ನು ವಿಚಾರಿಸದೆ ಹಣ ಕೊಡುವದಿಲ್ಲ. ಅದೇ ಒಕ್ಕಲಿಗನು ತನ್ನ ಮನೆಗೂ ಕೊಟ್ಟಿಗೆಗೂ ವಿದ್ಯುತ್ತಿನ ತಂತಿಯನ್ನು ಎಳೆಯಿಸುವಾಗ, ಇಕ್ಕಳ ಹಿಡಿದು ಬಂದವನನ್ನು ಒಂದು ಪ್ರಶ್ನೆಯನ್ನೂ ಕೇಳದೆ ಒಳಗೆ ಕರೆಯುವನು; ಸಂಜೆಗೆ ದೀಪ ಹತ್ತಿದರೆ ಕೆಲಸ ನೆಟ್ಟಗಾಯಿತೆಂದು ಕೂಲಿ ಕೊಟ್ಟು ಕಳುಹಿಸುವನು. ಊರ ಹಿರಿಯರಿಗೂ ಜಮೀನುದಾರರಿಗೂ ಈ ಲೇಖನದಲ್ಲಿ ಬಿನ್ನವಿಸತಕ್ಕ ಮಾತು ಒಂದೇ: ದೀಪ ಹತ್ತುವದು ಕೆಲಸದ ಪರೀಕ್ಷೆಯಲ್ಲ.

ಇದಕ್ಕೆ ಕಾರಣವು ಸರಳವಾದದ್ದು. ದೀಪ ಉರಿಯಲು ಎರಡು ತಂತಿಗಳು ಸಾಕು. ಮೂರನೆಯದಾದ ಅರ್ಥಿಂಗ್ ತಂತಿ, ಎಂದರೆ ಭೂಮಿಗೆ ಕೂಡಿಸಿದ ತಂತಿ, ಇಲ್ಲದಿದ್ದರೂ ದೀಪ ಉರಿಯುವದು, ಮೇವು ಕತ್ತರಿಸುವ ಯಂತ್ರ ತಿರುಗುವದು, ನೀರು ಕಾಯುವದು. ಯಂತ್ರದೊಳಗಿನ ತಂತಿಯ ಹೊದಿಕೆ ಹರಿದು ಅದರ ಕಬ್ಬಿಣದ ಮೈಗೆ ವಿದ್ಯುತ್ತು ಇಳಿದ ದಿನವೇ ಆ ಮೂರನೆಯ ತಂತಿಯ ಅಗತ್ಯ ತಿಳಿಯುವದು. ಅದು ಇದ್ದರೆ ವಿದ್ಯುತ್ತು ನೆಲಕ್ಕೆ ಹರಿದು ರಕ್ಷಕ ಸಾಧನವು ಪ್ರವಾಹವನ್ನು ಕಡಿಯುವದು. ಇಲ್ಲದಿದ್ದರೆ ಯಂತ್ರವನ್ನು ಮುಟ್ಟಿದವನ ಮೈಯೇ ಆ ಮೂರನೆಯ ತಂತಿಯಾಗುವದು.

ಕೆಲವು ವರ್ಷಗಳ ಹಿಂದೆ ರಟ್ಟೀಹಳ್ಳಿಯ ಕಡೆಯ ಒಂದು ಊರಿಗೆ ಗೋವಿನಜೋಳದ ಪೈರನ್ನು ನೋಡಲು ನಾನು ಹೋಗಿದ್ದೆನು. ಮಳೆಗಾಲ. ಜಮೀನಿನ ಯಜಮಾನರು, ತಮ್ಮ ಎಮ್ಮೆಯು ಎರಡು ದಿನಗಳಿಂದ ಕೊಟ್ಟಿಗೆಯನ್ನು ಹೊಗಲು ಒಲ್ಲದೆಂದೂ ಹಾಲು ಇಳಿದಿದೆಯೆಂದೂ ಹೇಳಿ, ರೋಗವಿರಬಹುದೇ ಎಂದು ಕೇಳಿದರು. ಎಮ್ಮೆಗೆ ರೋಗವಿರಲಿಲ್ಲ. ತಗಡಿನ ಚಾವಣಿಯ ಅಂಚಿಗೆ ತಾಗಿಸಿ ಎಳೆದ ತಂತಿಯ ಹೊದಿಕೆ ಗಾಳಿಗೆ ಸವೆದು, ತಗಡಿಗೂ ಅದನ್ನು ಹೊತ್ತ ಕಬ್ಬಿಣದ ಕಂಬಕ್ಕೂ ವಿದ್ಯುತ್ತು ಇಳಿದಿತ್ತು. ಆ ಕೊಟ್ಟಿಗೆಯಲ್ಲಿ ದೀಪವು ಮೊದಲಿನಂತೆಯೇ ಚೆನ್ನಾಗಿ ಉರಿಯುತ್ತಿತ್ತು! ದಿನಾಲು ಬರಿಗಾಲಿನಲ್ಲಿ ಸಗಣಿ ಬಾಚಲು ಬರುವ ಆಳುಮಗನು ಅಂದು ಬೇರೆ ಊರಿಗೆ ಹೋಗಿದ್ದನು. ಎಮ್ಮೆಯು ಹಿಂದೆಗೆಯದಿದ್ದರೆ ಮರುದಿನ ಅವನ ಗತಿ ಏನಾಗುತ್ತಿತ್ತೆಂಬದನ್ನು ಯಜಮಾನರು ತಾವೇ ಊಹಿಸಿ ಬಹಳ ಹೊತ್ತು ಮಾತನಾಡಲಿಲ್ಲ.

ಎಂ.ಸಿ.ಬಿ. ಹಾಕಿಸಿದ್ದೇವೆ, ಭಯವಿಲ್ಲವೆಂದು ಕೆಲವರು ಹೇಳುವರು. ಇದು ತಪ್ಪು ತಿಳಿವಳಿಕೆ. ಮನೆಗೆ ಬರುವ ವಿದ್ಯುತ್ತು 230 ವೋಲ್ಟಿನದು. ಹತ್ತು ವ್ಯಾಟಿನ ಒಂದು ಚಿಕ್ಕ ದೀಪವು ಎಳೆಯುವ ಪ್ರವಾಹವು 40 ಮಿಲಿ ಅಂಪಿಯರಿಗೆ ಕಡಿಮೆಯಲ್ಲ. ಅಷ್ಟು ಪ್ರವಾಹವು ಎದೆಯ ಮುಖಾಂತರ ಹಾಯ್ದರೆ ಹೃದಯದ ಗತಿ ಕೆಟ್ಟು ಪ್ರಾಣ ಹೋಗಬಹುದು. 16 ಅಂಪಿಯರಿನ ಎಂ.ಸಿ.ಬಿ.ಗೆ ಇದು ತಿಳಿಯುವದೇ ಇಲ್ಲ. ಅದು ತಂತಿಯನ್ನು ಕಾಯುವದು, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯಲು 30 ಮಿಲಿ ಅಂಪಿಯರಿನ ಆರ್.ಸಿ.ಸಿ.ಬಿ. ಎಂಬ ಬೇರೊಂದು ಸಾಧನವು ಬೇಕು. ಇವೆರಡರ ಭೇದವನ್ನು ಅರಿತವನೇ ಯೋಗ್ಯ ಕೆಲಸಗಾರನು.

ಕಾಯ್ದೆಯೂ ಇದನ್ನೇ ಹೇಳುವದು. 2003ರ ವಿದ್ಯುಚ್ಛಕ್ತಿ ಕಾಯ್ದೆಯ ಕೆಳಗೆ ಕೇಂದ್ರ ವಿದ್ಯುತ್ ಪ್ರಾಧಿಕಾರವು ಮಾಡಿದ ಸುರಕ್ಷತಾ ನಿಯಮಗಳ ಪ್ರಕಾರ, ದೀಪ, ಪಂಖ, ಫ್ಯೂಜು, ಸ್ವಿಚ್ಚುಗಳನ್ನು ಇದ್ದಂತೆಯೇ ಬದಲಿಸುವಂಥ ಸಣ್ಣ ಕೆಲಸಗಳ ಹೊರತು, ಹೊಸ ತಂತಿ ಎಳೆಯುವ, ಹೆಚ್ಚಿಸುವ, ದುರಸ್ತಿ ಮಾಡುವ ಕೆಲಸಗಳನ್ನು ಸರಕಾರದ ಲೈಸೆನ್ಸು ಪಡೆದ ಗುತ್ತಿಗೆದಾರನೇ ಮಾಡಿಸತಕ್ಕದ್ದು. ಕೆಲಸ ಮಾಡುವ ವೈರ್‌ಮನ್ನನಿಗೆ ಪರವಾನಿಗೆ ಇರತಕ್ಕದ್ದು. ಮೇಲ್ವಿಚಾರಕನಿಗೆ ಯೋಗ್ಯತಾ ಪ್ರಮಾಣಪತ್ರವಿರತಕ್ಕದ್ದು. ಐ.ಟಿ.ಐ.ಯಲ್ಲಿ ಎರಡು ವರ್ಷ ಇಲೆಕ್ಟ್ರಿಶಿಯನ್ ವಿದ್ಯೆಯನ್ನು ಕಲಿತದ್ದು ಒಳ್ಳೆಯದೇ. ಆದರೆ ಆ ಪತ್ರವು ಬೇರೆ, ಕೆಲಸ ಮಾಡುವ ಪರವಾನಿಗೆಯು ಬೇರೆ.

ಆದುದರಿಂದ ಕೆಲಸ ಒಪ್ಪಿಸುವ ಮೊದಲು ಈ ಕೆಳಗಿನವುಗಳನ್ನು ಗಮನಿಸಬೇಕು.

1. ಪರವಾನಿಗೆಯ ಪುಸ್ತಕವನ್ನು ಕೇಳಿ ನೋಡಿರಿ. ಅದರಲ್ಲಿಯ ಭಾವಚಿತ್ರ, ಹೆಸರು, ಮುದತು ಸರಿಯಿವೆಯೇ ಎಂಬದನ್ನು ಪರೀಕ್ಷಿಸಿರಿ. ಯೋಗ್ಯನು ಇದಕ್ಕೆ ಸಿಟ್ಟಾಗನು.

2. ಯಾವ ಕೋಣೆಗೆ ಯಾವ ಯಂತ್ರ ಬರುವದೆಂಬದನ್ನು ಮೊದಲೇ ತಿಳಿಸಿರಿ. ದೀಪಕ್ಕೆ ಎಳೆದ ಸಣ್ಣ ತಂತಿಗೆ ನೀರು ಕಾಯಿಸುವ ಯಂತ್ರವನ್ನು ಜೋಡಿಸಿದರೆ ತಂತಿ ಕಾಯ್ದು, ಹತ್ತಿರದ ಹೊಟ್ಟು ಮೇವಿಗೆ ಬೆಂಕಿ ತಾಗುವ ಭಯವುಂಟು.

3. ಕೆಲಸದ ಅಂದಾಜನ್ನು ಬರಹದಲ್ಲಿ ಪಡೆಯಿರಿ. ಅದರಲ್ಲಿ ಅರ್ಥಿಂಗಿಗೂ ಆರ್.ಸಿ.ಸಿ.ಬಿ.ಗೂ ಪ್ರತ್ಯೇಕ ಬಾಬು ಇರಲಿ. ಅಂದಾಜು ಕಡಿಮೆಯಾದಲ್ಲಿ ಬಹುತರ ಕಡಿಮೆಯಾದದ್ದು ಇವೆರಡೇ.

4. ಕೆಲಸ ಮುಗಿದ ಮೇಲೆ ಮೆಗ್ಗರ್ ಯಂತ್ರದಿಂದ ತಂತಿಗಳ ಹೊದಿಕೆಯನ್ನೂ, ಬೇರೆ ಮಾಪಕದಿಂದ ಅರ್ಥಿಂಗನ್ನೂ ನಿಮ್ಮೆದುರಿನಲ್ಲಿ ಪರೀಕ್ಷಿಸಿ, ಬಂದ ಅಂಕಿಗಳನ್ನು ಬರೆದು ಸಹಿ ಮಾಡಿಕೊಡಲಿ. ಹೊಸ ಕೆಲಸದಲ್ಲಿ ಹೊದಿಕೆಯ ಪ್ರತಿರೋಧವು ಒಂದು ಮೆಗ್ ಓಮಿಗಿಂತ ಕಡಿಮೆ ಬರಬಾರದು. ಈ ಪರೀಕ್ಷೆ ಮುಗಿಯದೆ ಕೂಲಿಯ ಕಡೆಯ ಭಾಗವನ್ನು ಕೊಡಬೇಡಿರಿ.

5. ಮೀಟರಿನ ಹೊರಗಿನ ಕಂಬದ ಕೆಲಸವು ಹೆಸ್ಕಾಂ ಕಂಪನಿಗೆ ಸೇರಿದ್ದು. ಅದನ್ನು ಖಾಸಗಿಯವರಿಂದ ಮಾಡಿಸಲಾಗದು. 1912 ಸಂಖ್ಯೆಗೆ ಫೋನು ಮಾಡಿ ತಿಳಿಸಬೇಕು.

ಕೆಲಸವಾದ ಮೇಲೆ ಯಜಮಾನನ ಹೊಣೆ ಮುಗಿಯುವದಿಲ್ಲ. ಎರೆಭೂಮಿಯು ಬೇಸಿಗೆಯಲ್ಲಿ ಬಿರಿಯುವದನ್ನು ನೀವು ಬಲ್ಲಿರಿ. ಹಾಗೆ ಬಿರಿದಾಗ ಅರ್ಥಿಂಗಿನ ಕೊಳವೆಗೂ ಮಣ್ಣಿಗೂ ನಡುವೆ ಸಂದಾಗಿ, ವಿದ್ಯುತ್ತು ನೆಲಕ್ಕೆ ಇಳಿಯಲಾರದು. ಆದಕಾರಣ ಆ ಕುಣಿಗೆ ಬೇಸಿಗೆಯಲ್ಲಿ ಆಗಾಗ ನೀರು ಹಾಕಿಸಬೇಕು. ಆರ್.ಸಿ.ಸಿ.ಬಿ.ಯ ಮೇಲಿನ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ, ಅಮಾವಾಸ್ಯೆಯ ದಿನವೆಂದು ನೆನಪಿಟ್ಟುಕೊಂಡಾದರೂ, ಒತ್ತಿ ನೋಡಬೇಕು. ಒತ್ತಿದ ಕೂಡಲೆ ವಿದ್ಯುತ್ತು ಕಡಿಯದಿದ್ದರೆ ಆ ಸಾಧನವು ಕೆಟ್ಟಿತೆಂದೇ ತಿಳಿಯಬೇಕು.

ಇದೆಲ್ಲಕ್ಕೂ ತಗಲುವ ಹೆಚ್ಚಿನ ವೆಚ್ಚವು ಒಂದು ಒಳ್ಳೆಯ ಎತ್ತಿನ ಬೆಲೆಯಲ್ಲಿ ಅಲ್ಪ ಭಾಗವು. ಊರಿನ ಪ್ರಮುಖರು ಮಾಡಿದ್ದನ್ನು ಉಳಿದವರು ನೋಡಿ ಮಾಡುವದು ನಮ್ಮ ನಾಡಿನ ರೂಢಿ. ನೀವು ಪರವಾನಿಗೆಯನ್ನು ಕೇಳಿದರೆ ನಾಳೆ ಊರೆಲ್ಲ ಕೇಳುವದು. ಊರೆಲ್ಲ ಕೇಳಿದರೆ ಅರೆಕಲಿತ ತರುಣನು ತಾನೇ ಹೋಗಿ ಪೂರ್ಣ ಕಲಿತು ಬರುವನು. ಈ ಮಳೆಗಾಲದ ಮೊದಲು ತಮ್ಮ ಕೊಟ್ಟಿಗೆಯಿಂದಲೇ ಪರೀಕ್ಷೆಗೆ ಆರಂಭ ಮಾಡಬೇಕೆಂದು ವಿನಂತಿ. ಅಲ್ಲಿ ದುಡಿಯುವ ಆಳಿಗೆ ಬೇರೆ ಕಾವಲಿಲ್ಲ.