ಲೈಟು ಉರಿದರೆ ಡೆಕ್ಕು ಓಡಿದಂತಲ್ಲ

ಹಳೇ ಕ್ಯಾಸೆಟ್ ಡೆಕ್ ಮಾರುವವರು ಮೊದಲು ತೋರಿಸುವುದು ಲೈಟನ್ನು. ‘ನೋಡಣ್ಣ, ಹೆಂಗ್ ಉರೀತದೆ! ತಂದಾಗಿಂದ ಮುಟ್ಟೇ ಇಲ್ಲ.’ ಮುಟ್ಟದೆ ಇಟ್ಟದ್ದೇ ಅದಕ್ಕೆ ರೋಗ. ವರ್ಷಗಟ್ಟಲೆ ಓಡದಿದ್ದರೆ ರಬ್ಬರ್ ಬೆಲ್ಟು ಕರಗಿ ಟಾರಿನಂತೆ ಮೆತ್ತಿಕೊಂಡಿರುತ್ತದೆ, ಪಿಂಚ್ ರೋಲರ್ ಗಡುಸಾಗಿರುತ್ತದೆ. ನಾನು ಬಾಗಿಲು ತೆಗೆದು ಹೆಡ್ಡಿನ ಮೇಲೆ ಉಗುರು ಆಡಿಸುತ್ತೇನೆ. ಸವೆದಿದ್ದರೆ ಉಗುರು ಅಂಚಿಗೆ ತಡೆಯುತ್ತದೆ. ತಡೆದರೆ ಬೇಡ. ಬೆಲ್ಟು, ರೋಲರ್ ಹೊಂದಿಸಬಹುದು, ಹೆಡ್ಡಿಗೆ ಪರದಾಟ.

ಶ್ರೀರಂಗಪಟ್ಟಣದ ನನ್ನ ರಿಪೇರಿ ಅಂಗಡಿಗೆ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದಿಂದ ಸೋಬಾನೆ, ತಂಬೂರಿ ಪದ, ಊರ ನಾಟಕದ ಕ್ಯಾಸೆಟ್ಟುಗಳು ಬರುತ್ತವೆ. ಹಾಡು ಹಿಡಿದಿಡುವ ಚಟ ಈ ಸೀಮೆಗೆ ಹೊಸದಲ್ಲ. 1915ರಲ್ಲಿ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ಜನಪದ ಹಾಡುಗಳನ್ನು ಟೇಪಿಗೆ ತುಂಬಿಸಿ, ರಾಮನಗರದ ಬಳಿ ಜಾನಪದ ಲೋಕವನ್ನೇ ಕಟ್ಟಿದರು. ಈಗಿನ ಕೊರತೆ ಟೇಪಿನದಲ್ಲ, ಅದನ್ನು ನುಡಿಸುವ ಯಂತ್ರದ್ದು. ಯಂತ್ರಗಳು ಸಿಗದಂತಾಗುವ ಮುಂಚೆ ಟೇಪುಗಳನ್ನು ಡಿಜಿಟಲ್‌ಗೆ ಇಳಿಸಿಕೊಳ್ಳಿ ಎಂದು 2019ರಲ್ಲಿ ಯುನೆಸ್ಕೊ ಶುರುಮಾಡಿದ ಎಚ್ಚರಿಕೆಯ ಯೋಜನೆ ಕೊಟ್ಟಿದ್ದ ಗಡುವೇ 2025.

ಹಾಗಾಗಿ ಸಂಗ್ರಹಕ್ಕೆ ಡೆಕ್ ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೆ: ದೊಡ್ಡ ಹೆಸರಿನದೊಂದರ ಬದಲು ಒಂದೇ ಮಾಡೆಲ್ಲಿನವು ಎರಡು ತನ್ನಿ. ಒಂದು ಕೆಲಸಕ್ಕೆ, ಇನ್ನೊಂದು ಬಿಡಿಭಾಗಕ್ಕೆ. ಆ ಇನ್ನೊಂದನ್ನೂ ತಿಂಗಳಿಗೊಮ್ಮೆ ಬೇಡದ ಕ್ಯಾಸೆಟ್ ಹಾಕಿ ಓಡಿಸಿ.

ಪ್ರತಿ ಕ್ಯಾಸೆಟ್ಟಿಗೂ ಮುಂಚೆ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ, ಕಂದು ಬಣ್ಣ ಬರುವುದು ನಿಲ್ಲುವ ತನಕ ಒರೆಸಬೇಕು. ರಬ್ಬರಿಗೆ ಸೋಪಿನ ನೀರೇ ಸಾಕು. ಆಮೇಲೆ ಹೆಡ್ಡಿನ ಪಕ್ಕದ ಸಣ್ಣ ತಿರುಪು. ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡು ಕೂದಲೆಳೆಯಷ್ಟು ವಾಲಿದ್ದರೂ ನಮ್ಮದರಲ್ಲಿ ದನಿ ಮಂಕು. ಎರಡೂ ಚಾನೆಲ್ ಕೂಡಿಸಿ ಮೊನೊದಲ್ಲಿ ಕೇಳುತ್ತ ತಿರುಪನ್ನು ಸ್ವಲ್ಪವೇ ಸ್ವಲ್ಪ ತಿರುಗಿಸುತ್ತೇನೆ. ಕಂಸಾಳೆಯಿದ್ದರೆ ಸಲೀಸು, ಅದರ ಠಣತ್ಕಾರ ಎಲ್ಲಿ ಚೂಪಾಯಿತೋ ಅಲ್ಲಿಗೆ ನಿಲ್ಲಿಸುವುದು. ಬರೀ ಮಾತಾದರೆ ‘ಸ’ಕಾರಕ್ಕೆ ಕಿವಿಗೊಡಬೇಕು. ಕಂಪ್ಯೂಟರಿನಲ್ಲಿ ಆಮೇಲೆ ಸರಿಮಾಡೋಣ ಎಂದರೆ ಆಗದು, ಹೆಡ್ಡು ಎತ್ತದ್ದು ಅಲ್ಲಿಗೆ ಹೋಗುವುದೇ ಇಲ್ಲ. ಕಂಪ್ಯೂಟರಿಗೆ 96 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಇಳಿಸಿದರೆ ಆಯಿತು.

ವೇಗದ್ದು ಬೇರೆ ಕಥೆ. ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂ.ಮೀ. ಓಡಬೇಕು. ಸೆಲ್ಲು ಸೋತ ರೆಕಾರ್ಡರಿನಲ್ಲಿ ಹಿಡಿದ ಹಾಡು ಸರಿಯಾದ ಡೆಕ್ಕಿನಲ್ಲಿ ಹಾಕಿದರೆ ಅಜ್ಜಿಯ ದನಿ ಹುಡುಗಿಯದಾಗುತ್ತದೆ. ಕರೆಂಟಿನಲ್ಲಿ ರೆಕಾರ್ಡ್ ಆದವುಗಳಲ್ಲಿ 50 ಹರ್ಟ್ಸಿನ ಗುಂಯ್ ಸದ್ದು ಸೇರಿರುತ್ತದೆ. ಅದು 52 ತೋರಿಸಿದರೆ ವೇಗ ಹೆಚ್ಚಿದೆ ಎಂದು ಗುಮಾನಿ. ಗುಮಾನಿ ಮಾತ್ರ, ಯಾಕೆಂದರೆ ಆಗಿನ ಕರೆಂಟೇ ಖಡಕ್ಕಾಗಿ 50ರಲ್ಲಿ ನಿಲ್ಲುತ್ತಿರಲಿಲ್ಲ. ನಾಟಕದ ಕ್ಯಾಸೆಟ್ಟಾದರೆ ಹಾರ್ಮೋನಿಯಂ ಶ್ರುತಿಗೆ ತಾಳೆ ನೋಡಿಯೇ ಮುಂದುವರಿಯುತ್ತೇನೆ.