ಹಿರೇಮದ್ದಿನ ಶಾಮಕಗುಣವನ್ನು ಪರೀಕ್ಷಿಸುವ ಬಗೆ

ಶಿರಾ, ಮಧುಗಿರಿ, ಪಾವಗಡ ತಾಲ್ಲೂಕುಗಳಂತಹ ಒಣಸೀಮೆಯ ಪಾಳುನೆಲಗಳಲ್ಲಿಯೂ ಬೇಲಿಯ ಮಗ್ಗುಲಲ್ಲಿಯೂ ಬೆಳೆಯುವ ಹಿರೇಮದ್ದಿನ ಗಿಡವೇ ವೈದ್ಯಗ್ರಂಥಗಳ ಅಶ್ವಗಂಧ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ವಿಥಾನಿಯ ಸೋಮ್ನಿಫೆರ. ಸೋಮ್ನಿಫೆರ ಎಂಬ ಲ್ಯಾಟಿನ್ ಪದಕ್ಕೆ ನಿದ್ರೆಯನ್ನು ತರುವಂಥದು ಎಂದರ್ಥ. ಆದರೆ ಹೆಸರೇ ಪ್ರಮಾಣವಾಗಲಾರದು. ಗಿಡದ ಸಾರಕ್ಕೆ ಶಾಮಕಗುಣ ಉಂಟೆಂದು ಪ್ರಯೋಗಶಾಲೆಯಲ್ಲಿ ನಿರ್ಣಯಿಸುವುದು ಹೇಗೆ, ಆ ನಿರ್ಣಯ ಎಲ್ಲಿ ಎಡವಬಹುದು ಎಂಬುದನ್ನು ನಾವಿಲ್ಲಿ ಸಂಗ್ರಹವಾಗಿ ವಿವರಿಸುತ್ತೇವೆ.

ಗಿಡದ ಗುರುತು ಖಚಿತವಾದ ಬಳಿಕ ಬೇರನ್ನೋ ಎಲೆಯನ್ನೋ ಒಣಗಿಸಿ, ಪುಡಿಮಾಡಿ, ನೀರಿನಲ್ಲಿ ಅಥವಾ ಆಲ್ಕೊಹಾಲಿನಲ್ಲಿ ಸಾರವನ್ನು ಇಳಿಸುತ್ತಾರೆ. ದ್ರಾವಕವು ಆವಿಯಾಗಿ ಉಳಿದ ಶೇಷವನ್ನು ತೂಗಿ, ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಇಷ್ಟು ಮಿಲಿಗ್ರಾಮ್ ಎಂದು ಪ್ರಮಾಣವನ್ನು ಗೊತ್ತುಪಡಿಸುತ್ತಾರೆ. ಬಿಳಿಯ ಚಿಟ್ಟಿಲಿಗಳ ಒಂದು ತಂಡಕ್ಕೆ ಸಾರವನ್ನೂ, ಇನ್ನೊಂದಕ್ಕೆ ಸಾರವಿಲ್ಲದ ದ್ರವವನ್ನೂ, ಮತ್ತೊಂದಕ್ಕೆ ಡಯಾಜೆಪಾಮ್‌ನಂತಹ ಪರಿಚಿತ ಔಷಧವನ್ನೂ ಕೊಡುವುದು ವಾಡಿಕೆ.

ಬಹುಕಾಲದಿಂದ ರೂಢಿಯಲ್ಲಿರುವ ಪರೀಕ್ಷೆಯೆಂದರೆ ಪೆಂಟೊಬಾರ್ಬಿಟಾಲ್ ನಿದ್ರೆಯ ಅವಧಿಯನ್ನು ಅಳೆಯುವುದು. ಈ ಔಷಧವನ್ನು ಚುಚ್ಚಿದ ಇಲಿಯನ್ನು ಅಂಗಾತ ಮಲಗಿಸಿದರೆ ಅದು ಮಗುಚಿಕೊಂಡು ಏಳಲಾರದು. ಏಳುವ ಶಕ್ತಿ ತಪ್ಪಿದ ಗಳಿಗೆಯಿಂದ ಅದು ಮರಳುವ ಗಳಿಗೆಯವರೆಗಿನ ಕಾಲವೇ ನಿದ್ರಾವಧಿ. ಮೊದಲೇ ಸಾರವನ್ನು ಪಡೆದ ಇಲಿಗಳಲ್ಲಿ ಈ ಅವಧಿ ಹೆಚ್ಚಿದರೆ, ಸಾರವು ಮಿದುಳನ್ನು ಶಾಂತಗೊಳಿಸಿತೆಂದು ಊಹಿಸುತ್ತಾರೆ.

ಈ ಊಹೆಯನ್ನು ನಾವು ಒಡನೆಯೇ ಒಪ್ಪಲಾಗದು. ಪೆಂಟೊಬಾರ್ಬಿಟಾಲನ್ನು ಮಾರ್ಪಡಿಸಿ ಅದರ ಬಲವನ್ನು ಕುಗ್ಗಿಸುವುದು ಯಕೃತ್ತು. ಸಾರವು ಯಕೃತ್ತಿನ ಕಿಣ್ವಗಳನ್ನು ತಡೆದರೂ ನಿದ್ರೆ ಹೆಚ್ಚುತ್ತದೆ. ಆದಕಾರಣ ಯಕೃತ್ತಿನಲ್ಲಿ ಅಷ್ಟಾಗಿ ಮಾರ್ಪಡದೆ ಮೂತ್ರದಲ್ಲಿ ಹೊರಬೀಳುವ ಬಾರ್ಬಿಟಾಲ್‌ನಿಂದ ಪ್ರಯೋಗವನ್ನು ಪುನಃ ನಡೆಸಬೇಕು. ದೇಹದ ಉಷ್ಣತೆ ಇಳಿದರೂ ಅವಧಿ ಹೆಚ್ಚುವುದರಿಂದ ಇಲಿಗಳನ್ನು ಬೆಚ್ಚಗಿಡಬೇಕು. ತಿರುಗುವ ದಂಡದ ಮೇಲೆ ಇಲಿ ನಿಲ್ಲಬಲ್ಲುದೇ ಎಂದು ನೋಡಿದರೆ ಸ್ನಾಯುಗಳ ದುರ್ಬಲತೆ ಬಯಲಾಗುತ್ತದೆ. ವಿಷದಿಂದ ಸೊರಗಿದ ಪ್ರಾಣಿಯೂ ಅಲುಗಾಡದೆ ಬಿದ್ದಿರುತ್ತದೆ, ಅದು ಶಮನವಲ್ಲ.

ಅಶ್ವಗಂಧದ ಚರಿತ್ರೆಯೇ ಇದಕ್ಕೆ ನಿದರ್ಶನ. 1965ರಲ್ಲಿ ಮಲ್ಹೋತ್ರಾ ಮತ್ತು ಸಂಗಡಿಗರು ಬೇರಿನ ಆಲ್ಕಲಾಯ್ಡುಗಳ ಸಮೂಹಕ್ಕೆ ಮಂದವಾದ ಶಾಮಕಗುಣವಿದೆಯೆಂದು ವರದಿ ಮಾಡಿದರು. 2017ರಲ್ಲಿ ಜಪಾನಿನ ತ್ಸುಕುಬಾದ ಸಂಶೋಧಕರು ಮಿದುಳಿನ ವಿದ್ಯುಲ್ಲೇಖದಿಂದ ಚಿಟ್ಟಿಲಿಗಳ ನಿದ್ರೆಯನ್ನೇ ನೇರವಾಗಿ ಅಳೆದರು. ಎಲೆಯ ಜಲಸಾರ ನಿದ್ರೆಯನ್ನು ಹೆಚ್ಚಿಸಿತು. ವಿಥನೊಲೈಡುಗಳು ತುಂಬಿದ ಆಲ್ಕೊಹಾಲ್ ಸಾರ ಹೆಚ್ಚಿಸಲಿಲ್ಲ. ನಿದ್ರಾಜನಕವೆಂದು ಅವರು ಗುರುತಿಸಿದ ವಸ್ತು ಟ್ರೈಎಥಿಲೀನ್ ಗ್ಲೈಕಾಲ್. ಗಿಡ ಒಂದೇ ಆದರೂ ಭಾಗ ಬೇರೆಯಾದರೆ, ದ್ರಾವಕ ಬೇರೆಯಾದರೆ ಔಷಧವೂ ಬೇರೆಯಾಗುತ್ತದೆ ಎಂಬುದು ಇದರಿಂದ ವಿದಿತವಾಗುತ್ತದೆ.

ಇಲಿಗೆ ಹೊಂದಿದ ಪ್ರಮಾಣವನ್ನು ತೂಕದ ಲೆಕ್ಕದಿಂದಲೇ ಮನುಷ್ಯನಿಗೆ ಅನ್ವಯಿಸಲಾಗದು. ಅಶ್ವಗಂಧವನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದುದೂ ವರದಿಯಾಗಿದೆ. ಮೇಲಾಗಿ, ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ 1960ರ ಕಾಯಿದೆ ಪ್ರಯೋಗಪ್ರಾಣಿಗೂ ಅನ್ವಯಿಸುತ್ತದೆ; ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆಯಿಲ್ಲದೆ ಇಂತಹ ಪರೀಕ್ಷೆ ಕೂಡದು. ಅರೆಬರೆಯಾಗಿ ಯೋಜಿಸಿದ ಪ್ರಯೋಗದಲ್ಲಿ ಪ್ರಾಣಿಗಳ ಬಲಿ ವ್ಯರ್ಥ. ಆದುದರಿಂದ ವಿದ್ಯಾರ್ಥಿಗಳು ಯಾವುದೇ ವರದಿಯನ್ನು ಓದುವಾಗ ಗಿಡದ ಯಾವ ಭಾಗ, ಯಾವ ದ್ರಾವಕ, ಎಷ್ಟು ಪ್ರಮಾಣ, ಹೋಲಿಕೆಯ ತಂಡ ಯಾವುದು ಎಂಬ ನಾಲ್ಕನ್ನು ಮೊದಲು ಹುಡುಕಿ, ಅನಂತರ ಫಲಿತಾಂಶದತ್ತ ಗಮನ ಹರಿಸುವುದು ಯುಕ್ತ.